ಶೇಕಡಾ ಒಂಬೈನೂರರ ಲಾಭಾಂಶ

ವೈಶಾಖ ಮಾಸ ಕಾಲಿಟ್ಟಿತೆಂದರೆ ಕಂಪನಿಗಳ ವರ್ಷದ ಲೆಕ್ಕಪತ್ರಗಳು ಒಂದೊಂದಾಗಿ ಹೊರಬೀಳತೊಡಗುತ್ತವೆ. ಯಾವ ಕಂಪನಿ ತನ್ನ ಪಾಲುದಾರರಿಗೆ ಎಷ್ಟು ಲಾಭಾಂಶ ಹಂಚಲಿದೆಯೆಂಬ ಸುದ್ದಿ ಪತ್ರಿಕೆಗಳ ವ್ಯಾಪಾರದ ಪುಟಗಳನ್ನು ತುಂಬುತ್ತದೆ. ಕೋಟೆ ಪ್ರದೇಶದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು ದಲಾಲ್ ಸ್ಟ್ರೀಟಿನ ಕಚೇರಿಗಳಿಗೆ ಚಹಾ ಕೊಟ್ಟು ಬರುವಾಗ ಕಿವಿಗೆ ಬಿದ್ದ ಮಾತು ಸಂಜೆಯೊಳಗಾಗಿ ಮಾಟುಂಗಾ, ಮುಲುಂಡಗಳನ್ನು ಮುಟ್ಟುತ್ತದೆ. ಕೈಫೋನು ಬಂದ ಮೇಲಂತೂ ಸಂಜೆಯವರೆಗೆ ಕಾಯಬೇಕಾದ ಕಾರಣವೂ ಇಲ್ಲ. ಇಂಥ ಔಷಧ ಕಂಪನಿ ಶೇಕಡಾ 900 ಕೊಟ್ಟಿದೆ, ಇನ್ನೊಂದು ಶೇಕಡಾ 1,650 ಕೊಟ್ಟಿದೆ, ಬ್ಯಾಂಕಿನವರಾದರೋ ಏಳರ ಮೇಲೆ ಏರಲೊಲ್ಲರು, ಅಲ್ಲಿಂದ ತೆಗೆದು ಇಲ್ಲಿ ಹಾಕಬಾರದೇಕೆ ಎಂಬ ಪ್ರಶ್ನೆಯನ್ನು ನಮ್ಮ ಬಂಧುಗಳು ಕೇಳುತ್ತಲೇ ಇದ್ದಾರೆ.

ಕೇಳುವವರ ಕೈಯಲ್ಲಿರುವ ಹಣ ಯಾವುದೆಂಬುದನ್ನು ನೋಡಿದರೆ ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದೆಂದು ತೋರುತ್ತದೆ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ನಿವೃತ್ತರಾದವರ ಗ್ರಾಚ್ಯುಟಿ, ಗಿರಣಿಯಲ್ಲಿ ದುಡಿದ ತಂದೆ ಬಿಟ್ಟುಹೋದ ಭವಿಷ್ಯನಿಧಿಯ ಉಳಿಕೆ, ಊರಿನಲ್ಲಿ ಮನೆ ಕಟ್ಟಲೆಂದು ಚೀಟಿ ಎತ್ತಿದ ಗಂಟು, ಇಂಥವೇ ಹೆಚ್ಚು. ಹೋದರೆ ಹೋಗಲಿ ಎನ್ನಬಹುದಾದ ಹಣವಲ್ಲ ಅದು. ಆದ ಕಾರಣ ಈ ಶೇಕಡಾ 900 ಎಂದರೇನು ಎಂಬುದನ್ನು ಇಂದು ಬಿಡಿಸಿ ನೋಡೋಣ.

ಔಷಧ ಕಂಪನಿಗಳ ಕಡೆಗೇ ನಮ್ಮವರ ಮನಸ್ಸು ಹರಿಯುವುದಕ್ಕೆ ಕಾರಣವಿದೆ. ಕಾಲ ಕೆಟ್ಟರೆ ಜನ ಬಟ್ಟೆ ಕೊಳ್ಳುವುದನ್ನು ಮುಂದೂಡುತ್ತಾರೆ, ಹೋಟೆಲಿಗೆ ಬರುವುದನ್ನೂ ಕಡಮೆ ಮಾಡುತ್ತಾರೆ. ಇವೆರಡರ ಬಿಸಿಯನ್ನೂ ಉಂಡವರು ನಾವು. ಜ್ವರದ ಮಾತ್ರೆಯನ್ನು ಮಾತ್ರ ಯಾರೂ ಮುಂದೂಡಲಾರರು. ಹೀಗಾಗಿ ಔಷಧ ಮಾಡುವವನ ಅಂಗಡಿಗೆ ಬೀಗ ಬೀಳದು ಎಂಬ ತರ್ಕ. ತರ್ಕ ಸರಿಯಾದದ್ದೇ. ಅಂಗಡಿ ನಡೆಯುತ್ತದೆ. ಆದರೆ ನಡೆಯುವ ಅಂಗಡಿಯಲ್ಲಿ ಪಾಲು ಕೊಳ್ಳಲು ನಾವು ತೆತ್ತ ಬೆಲೆಗೆ ವರ್ಷಕ್ಕೆ ಕೈಗೆ ಬರುವುದೆಷ್ಟು ಎಂಬುದು ಬೇರೆ ಪ್ರಶ್ನೆ.

ಪ್ರತಿಯೊಂದು ಶೇರಿಗೂ ಮುಖಬೆಲೆಯೆಂಬುದೊಂದಿದೆ. ಕಂಪನಿ ತನ್ನ ಬಂಡವಾಳವನ್ನು ಎಷ್ಟೆಷ್ಟು ರೂಪಾಯಿಯ ತುಂಡುಗಳಾಗಿ ಒಡೆದುಕೊಂಡಿದೆಯೋ ಅದು ಮುಖಬೆಲೆ. ಹತ್ತು ರೂಪಾಯಿ ಇರಬಹುದು, ಎರಡಿರಬಹುದು, ಒಂದೇ ರೂಪಾಯಿಯೂ ಇರಬಹುದು. ಪೇಟೆಯಲ್ಲಿ ಅದೇ ಶೇರು ಸಾವಿರ, ಮೂರು ಸಾವಿರ, ಐದು ಸಾವಿರಕ್ಕೆ ಕೈ ಬದಲಿಸುತ್ತಿರುತ್ತದೆ. ಲಾಭಾಂಶವನ್ನು ಶೇಕಡಾ ಲೆಕ್ಕದಲ್ಲಿ ಸಾರುವಾಗ ಆ ಶೇಕಡಾ ಮುಖಬೆಲೆಯ ಮೇಲಿನದು. ನಾವು ಕೊಟ್ಟ ಪೇಟೆಬೆಲೆಯ ಮೇಲಿನದಲ್ಲ. ಗೊಂದಲದ ಬೇರು ಇಷ್ಟೇ.

2024-25ನೆಯ ಸಾಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಸನ್ ಫಾರ್ಮಾ ಕಂಪನಿ ಎರಡು ಕಂತುಗಳಲ್ಲಿ ಶೇರಿಗೆ ಒಟ್ಟು 16 ರೂಪಾಯಿ ಹಂಚಿತು. ಅದರ ಮುಖಬೆಲೆ 1 ರೂಪಾಯಿ. ಆದುದರಿಂದ ಅದು ಶೇಕಡಾ 1,600. ನಮ್ಮ ಮುಂಬಯಿಯಲ್ಲೇ 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದರು ಸ್ಥಾಪಿಸಿದ ಸಿಪ್ಲಾ ಕಂಪನಿಯೂ, ತನ್ನ ತೊಂಬತ್ತನೆಯ ವರ್ಷದ ಸಂಭ್ರಮಕ್ಕೆಂದು ಕೊಟ್ಟ 3 ರೂಪಾಯಿ ಸೇರಿ, ಅದೇ 16 ರೂಪಾಯಿ ಹಂಚಿತು. ಅದರ ಮುಖಬೆಲೆ 2 ರೂಪಾಯಿಯಾದುದರಿಂದ ಅದು ಶೇಕಡಾ 800 ಆಯಿತು. ಗ್ಲಾಕ್ಸೊ ಕಂಪನಿ ಶೇರಿಗೆ 54 ರೂಪಾಯಿ ಕೊಟ್ಟಿತು. ಮುಖಬೆಲೆ 10 ರೂಪಾಯಿ, ಆದ್ದರಿಂದ ಕೇವಲ ಶೇಕಡಾ 540! ಹದಿನಾರು ರೂಪಾಯಿ ಒಂದೆಡೆ ಸಾವಿರದಾರುನೂರಾಗಿ, ಇನ್ನೊಂದೆಡೆ ಎಂಟುನೂರಾಗಿ, ಐವತ್ತನಾಲ್ಕು ರೂಪಾಯಿ ಇವೆರಡಕ್ಕಿಂತಲೂ ಕೆಳಗಾಗಿ ಕಾಣುವ ಈ ಅಳತೆಗೋಲನ್ನು ನಂಬಿ ನಮ್ಮ ಗಂಟನ್ನು ಬಿಚ್ಚುವುದೆಂದರೇನು?

ಇನ್ನು 1 ಲಕ್ಷ ರೂಪಾಯಿ ಹಾಕಿದವನ ಕೈಗೆ ಬಂದದ್ದೆಷ್ಟು ನೋಡೋಣ. 2025ರ ನಡುಭಾಗದಲ್ಲಿ ಸನ್ ಫಾರ್ಮಾದ ಶೇರು 1,700 ರೂಪಾಯಿಯ ಆಸುಪಾಸಿನಲ್ಲಿತ್ತು. ಲಕ್ಷಕ್ಕೆ 58 ಶೇರು. ಹದಿನಾರರಂತೆ 928 ರೂಪಾಯಿ. ಸಿಪ್ಲಾ 1,500ರ ಸುಮಾರಿಗಿತ್ತು. 66 ಶೇರಿಗೆ 1,056 ರೂಪಾಯಿ. ಗ್ಲಾಕ್ಸೊ ಶೇರಿಗೆ 3,000 ಎಂದು ಹಿಡಿದರೆ 33 ಶೇರಿಗೆ 1,782 ರೂಪಾಯಿ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯ ಹೆಸರು ಕೇಳಿದರೆ ಕನ್ನಡಿಗರಿಗೆಲ್ಲ ಅಭಿಮಾನ. ಅದು ಆ ವರ್ಷ ಶೇರಿಗೆ ಕೊಟ್ಟದ್ದು ಎಂಟಾಣೆ. ಶೇರಿಗೆ 350 ರೂಪಾಯಿಯಂತೆ ಲಕ್ಷ ರೂಪಾಯಿ ಹಾಕಿದವನಿಗೆ ವರ್ಷಕ್ಕೆ ನೂರನಲವತ್ತೆರಡೂವರೆ ರೂಪಾಯಿ, ಎಂದರೆ ತಿಂಗಳಿಗೆ ಒಂದು ಕಪ್ಪು ಚಹದ ದುಡ್ಡು. ಅದೇ ವರ್ಷ ನೌಕರರ ಭವಿಷ್ಯನಿಧಿಯ ಬಡ್ಡಿ ಶೇಕಡಾ 8.25 ಇತ್ತು, ಅಲ್ಲಿಂದ ತೆಗೆಯದೆ ಬಿಟ್ಟ ಲಕ್ಷ ರೂಪಾಯಿಗೆ 8,250 ರೂಪಾಯಿ ಸೇರಿತು. (ಇಪ್ಪತ್ತು ಜನ ದುಡಿಯುವ ಹೋಟೆಲಿಗೂ ಅನ್ವಯಿಸುವ ಈ ನಿಧಿಯಲ್ಲಿ ಹೆಸರೇ ಇಲ್ಲದ ನಮ್ಮ ಹೋಟೆಲ್ ಕೆಲಸಗಾರರ ಸಂಗತಿ ಇನ್ನೊಂದು ದಿನ ಬರೆಯತಕ್ಕದ್ದು.)

ಹಾಗಾದರೆ ಈ ಕಂಪನಿಗಳು ಜಿಪುಣರೇ ಎಂದರೆ, ಹಾಗೆ ಹೇಳುವುದು ನ್ಯಾಯವಾಗದು. ಔಷಧದ ಉದ್ಯೋಗದಲ್ಲಿ ಬಂದ ಲಾಭದ ದೊಡ್ಡ ಭಾಗ ಸಂಶೋಧನೆಗೂ, ಕಾರಖಾನೆಗಳನ್ನು ಅಮೆರಿಕದ ತನಿಖಾಧಿಕಾರಿಗಳು ಒಪ್ಪುವಂತೆ ಇಡುವುದಕ್ಕೂ ತಿರುಗಿ ಹೋಗುತ್ತದೆ. ಬಯೋಕಾನ್ 2022ರಲ್ಲಿ ವಿಯಾಟ್ರಿಸ್ ಎಂಬ ಅಮೆರಿಕದ ಕಂಪನಿಯಿಂದ ಒಂದು ದೊಡ್ಡ ವ್ಯಾಪಾರವನ್ನೇ ಕೊಂಡು ಸಾಲ ಹೊತ್ತಿತು. ಅಂಥ ಹೊತ್ತಿನಲ್ಲಿ ಅದು ಪಾಲುದಾರರಿಗೆ ಧಾರಾಳವಾಗಿ ಹಂಚುತ್ತಿದ್ದರೆ ನಾವೇ ತಪ್ಪೆನ್ನುತ್ತಿದ್ದೆವು. ಸಿಪ್ಲಾ 2001ರಲ್ಲಿ ಏಡ್ಸ್ ರೋಗದ ಔಷಧವನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಮೆಗೆ ಆಫ್ರಿಕದ ಬಡವರಿಗೆ ಒದಗಿಸಲು ಮುಂದಾಯಿತು. ಅದರ ಯೋಗ್ಯತೆಯನ್ನು ಲಾಭಾಂಶದಿಂದ ಅಳೆಯುವವರು ಯಾರು? ಅಲ್ಲದೆ ಶೇರು ಕೊಳ್ಳುವ ಶೇಠಜಿಗಳು ಲಾಭಾಂಶಕ್ಕಾಗಿ ಕೊಳ್ಳುವುದೂ ಇಲ್ಲ. ಬೆಲೆ ಏರಿದಾಗ ಮಾರುವುದಕ್ಕೆ ಕೊಳ್ಳುತ್ತಾರೆ. ಅವರ ಬಳಿ ಕಾಯುವುದಕ್ಕೆ ಹತ್ತು ವರ್ಷವಿದೆ. ಮುಂದಿನ ಮಾರ್ಗಶಿರದಲ್ಲಿ ಮಗಳ ಮದುವೆ ಇಟ್ಟುಕೊಂಡವನಿಗೆ ಆ ಕಾಲಾವಕಾಶವಿಲ್ಲ.

ಈಗ ಒಂಬೈನೂರರ ಸಂಗತಿಗೆ ಬರೋಣ. ಈ ಅಂಕೆ ಸುಳ್ಳಲ್ಲ. 2021-22ನೆಯ ಸಾಲಿಗೆ ಗ್ಲಾಕ್ಸೊ ಕಂಪನಿ ಹತ್ತು ರೂಪಾಯಿಯ ಶೇರಿಗೆ 90 ರೂಪಾಯಿ ಹಂಚಿದ್ದುಂಟು. ಆದರೆ ಅದರಲ್ಲಿ ಮಾಮೂಲು ಲಾಭಾಂಶ 30 ರೂಪಾಯಿ. ಉಳಿದ 60 ರೂಪಾಯಿ ವಿಶೇಷ ಲಾಭಾಂಶ. ಈ ವಿಶೇಷ ಎಲ್ಲಿಂದ ಬಂತು? ಅಯೋಡೆಕ್ಸ್ ಎಂಬ ಮುಲಾಮು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ! ಇಡ್ಲಿಯ ಹಿಟ್ಟಿನ ಕೊಪ್ಪರಿಗೆ ಎತ್ತಿ ಸೊಂಟ ಹಿಡಿದವನೂ, ಸಾಂಚಾದ ಮುಂದೆ ಎಂಟು ತಾಸು ನಿಂತು ಮೊಣಕಾಲು ಸೋತವನೂ ರಾತ್ರಿ ತಿಕ್ಕಿಕೊಂಡು ಮಲಗಿದ್ದು ಅದನ್ನೇ. ಆ ಅಯೋಡೆಕ್ಸಿನ ಹೆಸರನ್ನೂ ಆಸ್ಟೋಕ್ಯಾಲ್ಸಿಯಂ ಎಂಬ ಇನ್ನೊಂದು ಹೆಸರನ್ನೂ ಕಂಪನಿ 2022ರಲ್ಲಿ ತನ್ನದೇ ಬಳಗದ ಮತ್ತೊಂದು ಕಂಪನಿಗೆ 1,649 ಕೋಟಿ ರೂಪಾಯಿಗೆ ಒಪ್ಪಿಸಿತು. ಹಾಗೆ ಕೈಗೆ ಬಂದ ರೊಕ್ಕವಿದ್ದ ವರ್ಷದಲ್ಲಿ ವಿಶೇಷ ಲಾಭಾಂಶ ಬಂತು. ಒಮ್ಮೆ ಮಾರಿದ ಅಯೋಡೆಕ್ಸನ್ನು ಮರುವರ್ಷ ಮತ್ತೊಮ್ಮೆ ಮಾರಲಾಗದು. 2022-23ರಲ್ಲಿ ಲಾಭಾಂಶ 32 ರೂಪಾಯಿಗೆ ಇಳಿಯಿತು, 2023-24ರಲ್ಲಿಯೂ 32.

ಶೇಕಡಾ 900 ಎಂಬ ಮಾತು ಕೇಳಿ ಶೇರಿಗೆ 1,500 ರೂಪಾಯಿಯಂತೆ ಲಕ್ಷ ರೂಪಾಯಿಗೆ 66 ಶೇರು ಕೊಂಡವನೊಬ್ಬನಿದ್ದನೆಂದು ಇಟ್ಟುಕೊಳ್ಳಿ. ತೊಂಬತ್ತು ರೂಪಾಯಿ ಸಿಕ್ಕ ವರ್ಷವೂ ಅವನ ಹಣದ ಹುಟ್ಟುವಳಿ ಶೇಕಡಾ ಆರು ಮಾತ್ರ, 5,940 ರೂಪಾಯಿ. ಮರುವರ್ಷ ಅದು 2,112 ರೂಪಾಯಿಗೆ ಇಳಿಯಿತು. ಆ ಆರು ಸಾವಿರವನ್ನು ನಂಬಿ ಊರಿನ ತಾಯಿಗೆ ತಿಂಗಳಿಗೆ ಐದುನೂರು ಕಳಿಸುವೆನೆಂದು ಮಾತು ಕೊಟ್ಟಿದ್ದರೆ ಅವನ ಪಾಡೇನು? ಶೇರಿನ ಬೆಲೆ ಮುಂದೆ ಏರಿದ್ದೂ ನಿಜ, 2025ರ ಹೊತ್ತಿಗೆ ಸುಮಾರು ಎರಡರಷ್ಟಾಗಿದ್ದೂ ನಿಜ. ಆದರೆ ಏರಿದ ಬೆಲೆಯನ್ನು ಮನಿಯಾರ್ಡರು ಮಾಡಲು ಬರುವುದಿಲ್ಲ, ಶೇರನ್ನೇ ಮಾರಬೇಕು.

ಶೇಕಡಾ 1,650ರ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಫೈಝರ್ ಕಂಪನಿಯ ಭಾರತೀಯ ಶಾಖೆ 2024-25ನೆಯ ಸಾಲಿಗೆ ಹತ್ತು ರೂಪಾಯಿಯ ಶೇರಿಗೆ 165 ರೂಪಾಯಿ ಸಾರಿತು. ಅದರಲ್ಲಿ 100 ರೂಪಾಯಿ ಭಾರತದಲ್ಲಿ ಎಪ್ಪತ್ತೈದು ವರ್ಷ ತುಂಬಿದ ಸಲುವಾಗಿ; 30 ರೂಪಾಯಿ ಸ್ಥಿರಾಸ್ತಿಯೊಂದನ್ನು ಬಿಟ್ಟುಕೊಟ್ಟು ಬಂದ ಲಾಭದ ಬಾಬ್ತು; ಮಾಮೂಲಿನದು 35 ರೂಪಾಯಿ ಮಾತ್ರ. ಶೇರಿಗೆ 5,000 ಕೊಟ್ಟವನಿಗೆ ಈ ಮೂವತ್ತೈದು ಎಂದರೆ ಶೇಕಡಾ ಒಂದಕ್ಕೂ ಕಡಮೆ. ಎಪ್ಪತ್ತೈದನೆಯ ವರ್ಷ ಎರಡು ಸಲ ಬರುವುದಿಲ್ಲ.

ಸ್ಥಿರಾಸ್ತಿ ಮಾರಿದ ಹಣವನ್ನು ದುಡಿಮೆಯ ಹಣವೆಂದು ತಿಳಿಯಬಾರದೆಂಬುದನ್ನು ಗಿರಣಗಾವಿನ ನಮ್ಮ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1982ರ ಮುಷ್ಕರದ ಅನಂತರ ಒಂದೊಂದೇ ಗಿರಣಿ ನಿಂತು, ಸಾಂಚಾ ಇದ್ದಲ್ಲಿ ಗಗನಚುಂಬಿ ಕಟ್ಟಡ ಎದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಇಂದು ನೂಲು ತೆಗೆಯುವವರಿಲ್ಲ, ಅಂಗಡಿಗಳ ಸಾಲಿದೆ. ಗಿರಣಿಯ ನೆಲ ಮಾರಿದ ವರ್ಷ ಮಾಲಕರ ಲೆಕ್ಕಪುಸ್ತಕ ಹೊಳೆಯಿತು. ಅದನ್ನು ಕಂಡು ಬಟ್ಟೆಯ ಧಂದೆ ಚೆನ್ನಾಗಿದೆಯೆಂದು ಪರೇಲಿನ ಒಬ್ಬ ಕಾಮಗಾರನೂ ಮೋಸ ಹೋಗಲಿಲ್ಲ. ಔಷಧ ಕಂಪನಿಯ ವಿಶೇಷ ಲಾಭಾಂಶವನ್ನೂ ಅದೇ ಕಣ್ಣಿನಿಂದ ನೋಡಿದರೆ ಸಾಕು.

ಕೋಲಾರ ಜಿಲ್ಲೆಯ ವೇಮಗಲ್ಲಿನ ಮಾತನ್ನೂ ಇಲ್ಲಿ ಹೇಳಬೇಕು. ಇದೇ ಗ್ಲಾಕ್ಸೊ ಕಂಪನಿ ಅಲ್ಲಿ ಸುಮಾರು 1,000 ಕೋಟಿ ರೂಪಾಯಿ ಸುರಿದು ದೊಡ್ಡ ಕಾರಖಾನೆ ಎಬ್ಬಿಸಿತು. 2019ರಲ್ಲಿ ಹೊಟ್ಟೆಯುರಿಗೆ ಕೊಡುವ ರಾನಿಟಿಡೀನ್ ಮಾತ್ರೆಯಲ್ಲಿ ಕ್ಯಾನ್ಸರ್ ತರಬಹುದಾದ ಅಂಶ ಸಿಕ್ಕಿತೆಂಬ ಸುದ್ದಿ ಲೋಕವೆಲ್ಲ ಹಬ್ಬಿ, ಆ ಮಾತ್ರೆಯನ್ನು ಪೇಟೆಯಿಂದ ಹಿಂದೆ ತೆಗೆಯಬೇಕಾಯಿತು. ಆ ಮಾತ್ರೆಯನ್ನೂ ನಂಬಿ ಎದ್ದಿದ್ದ ವೇಮಗಲ್ಲಿನ ಕಾರಖಾನೆಯನ್ನು 2020ರಲ್ಲಿ ಹೈದರಾಬಾದಿನ ಹೆಟೆರೊ ಕಂಪನಿಗೆ ಸುಮಾರು 180 ಕೋಟಿಗೆ ಕೊಟ್ಟುಬಿಡಲಾಯಿತು. ಕಾಯಿಲೆಗೆ ಕೊನೆಯಿಲ್ಲವೆಂಬುದು ಸತ್ಯವಾದರೂ ಒಂದು ಔಷಧಕ್ಕೆ ಕೊನೆಯುಂಟು, ಒಂದು ಕಾರಖಾನೆಗೂ ಉಂಟು. ಜತೆಗೆ ಅಗತ್ಯ ಔಷಧಗಳಿಗೆ 2013ರ ಆಜ್ಞೆಯಂತೆ ಸರಕಾರವೇ ಗರಿಷ್ಠ ಬೆಲೆ ಕಟ್ಟುತ್ತದೆ. ಅದು ಇರಲೇಬೇಕಾದ ಕಟ್ಟು. ಮಾತ್ರೆ ನುಂಗುವವರೂ ನಾವೇ ಅಲ್ಲವೇ?

ಲಾಭಾಂಶ ಬಹಳವಾಗಿ ಹಂಚುವ ಔಷಧ ಕಂಪನಿಗಳು ಬಹುಮಟ್ಟಿಗೆ ವಿದೇಶೀ ಕಂಪನಿಗಳ ಶಾಖೆಗಳೇ ಎಂಬುದನ್ನೂ ಗಮನಿಸಬೇಕು. ಗ್ಲಾಕ್ಸೊದ ಭಾರತೀಯ ಶಾಖೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಬ್ರಿಟನ್ನಿನ ಮೂಲ ಕಂಪನಿಯದು. ಹಂಚಿದ ನೂರು ರೂಪಾಯಿಯಲ್ಲಿ ಎಪ್ಪತ್ತೈದು ಕಡಲು ದಾಟುತ್ತದೆ. ಎಷ್ಟು ಹಂಚಬೇಕು, ಯಾವಾಗ ಹಂಚಬೇಕು ಎಂಬ ನಿರ್ಧಾರದಲ್ಲಿ ಮೂಲ ಕಂಪನಿಯ ಅಗತ್ಯವೇ ತೂಗುವುದು ಸಹಜ. ಮುಂಬಯಿಯ ಖೋಲಿಯೊಂದರಲ್ಲಿ 33 ಶೇರು ಇಟ್ಟುಕೊಂಡವನ ಅಗತ್ಯವನ್ನು ಕೇಳುವವರಿಲ್ಲ.

ಇನ್ನೊಂದು ಬಲೆ ಇದೆ. ಕೆಲವರು ಮುಖಬೆಲೆಯ ಮೋಸವನ್ನು ಬಲ್ಲವರಂತೆ ಮಾತಾಡಿ, ಪೇಟೆಬೆಲೆಯ ಮೇಲೆಯೇ ಶೇಕಡಾ ಏಳು ಕೊಡುವ ಕಂಪನಿ ತೋರಿಸುವೆನೆನ್ನುತ್ತಾರೆ. ಅಂಥವೂ ಇವೆ. ಅಮೆರಿಕದ ಮೂಲ ಫೈಝರ್ ಕಂಪನಿ 2021ರಲ್ಲಿ ಶೇರಿಗೆ ವರ್ಷಕ್ಕೆ 1 ಡಾಲರ್ 56 ಸೆಂಟ್ ಕೊಡುತ್ತಿತ್ತು. ಕೋವಿಡ್ ಲಸಿಕೆಯ ಭರಾಟೆಯಲ್ಲಿ ಆ ವರ್ಷದ ಕೊನೆಗೆ ಶೇರು 60 ಡಾಲರ್ ಮುಟ್ಟಿತ್ತು. ಹುಟ್ಟುವಳಿ ಎರಡೂವರೆಯ ಸುಮಾರು. 2025ರಲ್ಲಿ ಲಾಭಾಂಶ 1 ಡಾಲರ್ 72 ಸೆಂಟಿಗೆ ಏರಿತು, ಹುಟ್ಟುವಳಿ ಶೇಕಡಾ ಏಳನ್ನು ಸಮೀಪಿಸಿತು. ಲಾಭಾಂಶ ಏರಿದ್ದು ಹದಿನಾರು ಸೆಂಟು ಮಾತ್ರ. ಹುಟ್ಟುವಳಿ ಹಿಗ್ಗಿದ್ದು ಶೇರಿನ ಬೆಲೆ 25 ಡಾಲರಿನ ಹತ್ತಿರಕ್ಕೆ ಕುಸಿದುದರಿಂದ. ಲಸಿಕೆಯ ವ್ಯಾಪಾರ ಇಳಿದಿತ್ತು, ಪೇಟೆ ಹೆದರಿತ್ತು. ಏಳು ಸಿಗುತ್ತಿದೆಯೆಂದು ಹಿಗ್ಗುವವನು ಅರವತ್ತಕ್ಕೆ ಕೊಂಡವನನ್ನು ಒಮ್ಮೆ ಮಾತಾಡಿಸಬೇಕು. ಇದೇ ಕಂಪನಿ 2009ರಲ್ಲಿ ವೈಯೆತ್ ಎಂಬ ಇನ್ನೊಂದು ಕಂಪನಿಯನ್ನು ಕೊಳ್ಳುವ ಸಲುವಾಗಿ ತನ್ನ ಲಾಭಾಂಶವನ್ನು ಅರ್ಧಕ್ಕೆ ಇಳಿಸಿತ್ತು. ಇಸ್ರೇಲಿನ ಟೇವಾ ಕಂಪನಿ 2017ರಲ್ಲಿ ಸಾಲದ ಹೊರೆ ತಾಳಲಾರದೆ ಲಾಭಾಂಶವನ್ನು ಮೊದಲು ಕಾಲುಭಾಗಕ್ಕೆ ಇಳಿಸಿ, ಆಮೇಲೆ ನಿಲ್ಲಿಸಿಯೇಬಿಟ್ಟಿತು. ಬಡ್ಡಿ ಕೊಡದಿದ್ದರೆ ಬ್ಯಾಂಕನ್ನು ಕೇಳಬಹುದು. ಲಾಭಾಂಶ ಕೊಡದಿದ್ದರೆ ಕಂಪನಿಯನ್ನು ಕೇಳುವ ಹಕ್ಕು ಪಾಲುದಾರನಿಗಿಲ್ಲ.

ಗೊತ್ತುಪಡಿಸಿದ ದಿನದ ಹಿಂದೆಮುಂದೆ ಶೇರು ಕೊಂಡು, ಲಾಭಾಂಶ ಎಣಿಸಿಕೊಂಡು, ಮರುದಿನ ಮಾರಿಬಿಡಿ ಎಂದು ಕಿವಿಯೂದುವವರಿಗೂ ಕೊರತೆಯಿಲ್ಲ. 1,500 ರೂಪಾಯಿಯ ಶೇರಿನಿಂದ 90 ರೂಪಾಯಿ ಹೊರಬಿದ್ದ ದಿನ ಪೇಟೆ ಅದನ್ನು 1,410ರ ಸುಮಾರಿಗೇ ಕೇಳುತ್ತದೆ. ಎಡಗಿಸೆಯಿಂದ ಬಲಗಿಸೆಗೆ ಹೋದ ಹಣ; ನಡುವೆ ದಲಾಲನ ಕೂಲಿ ಬೇರೆ. 2020ರ ಏಪ್ರಿಲಿನಿಂದ ಲಾಭಾಂಶದ ಮೇಲಿನ ತೆರಿಗೆ ಪಡೆದವನ ಹೆಗಲಿಗೇ ಬಂದಿದೆಯೆಂಬುದನ್ನೂ ಮರೆಯಬಾರದು.

ನಮ್ಮ ಅಭಿಪ್ರಾಯ ಕೇಳಿದವರಿಗೆ ನಾವು ಹೇಳುವುದು ಇಷ್ಟು. ಗ್ರಾಚ್ಯುಟಿ, ಭವಿಷ್ಯನಿಧಿ, ಮದುವೆಯ ಹಣ, ಇವನ್ನು ಲಾಭಾಂಶದ ಆಸೆಗೆ ಔಷಧ ಕಂಪನಿಯಲ್ಲಿ ಹಾಕಬೇಡಿ. ಅರವತ್ತು ದಾಟಿದವರಿಗೆ ಅಂಚೆಕಚೇರಿಯ ಹಿರಿಯರ ಯೋಜನೆ 2025ರಲ್ಲಿ ಶೇಕಡಾ 8.2 ಕೊಡುತ್ತಿತ್ತು, ಅದೂ ಮೂರು ತಿಂಗಳಿಗೊಮ್ಮೆ ಕೈಗೆ. ಚೀಟಿ ಎತ್ತಿ, ಚಿನ್ನ ಒತ್ತೆಯಿಟ್ಟು ಶೇರು ಕೊಳ್ಳುವ ಮಾತಂತೂ ಬೇಡವೇ ಬೇಡ. ಪಗಾರ ಕೈಗೆ ಬಂದು ಮನೆಯ ಖರ್ಚು ಕಳೆದು ಏನಾದರೂ ಉಳಿಯುವ ತರುಣರು ಶೇರಿನ ಪೇಟೆಯಿಂದ ದೂರವೇ ಇರಬೇಕೆಂದು ನಾವು ಹೇಳುವುದಿಲ್ಲ. ಹಣವಂತರಿಗೆ ತೆರೆದ ಬಾಗಿಲು ಕೆಲಸಗಾರನಿಗೆ ಮುಚ್ಚಿರಬೇಕೆಂಬ ನಿಯಮವಿಲ್ಲ. ಆದರೆ ವಿಶೇಷವನ್ನು ಬದಿಗಿಟ್ಟು ಮಾಮೂಲು ಲಾಭಾಂಶ ಹತ್ತು ವರ್ಷದಲ್ಲಿ ಹೇಗೆ ನಡೆದು ಬಂದಿದೆ ನೋಡಿ. ಅದನ್ನು ಮುಖಬೆಲೆಯಿಂದಲ್ಲ, ಅಂದಿನ ಪೇಟೆಬೆಲೆಯಿಂದ ಭಾಗಿಸಿ ನೋಡಿ. ರಾತ್ರಿಶಾಲೆಯಲ್ಲಿ ಕಲಿತ ಭಾಗಾಕಾರ ಇದಕ್ಕೆ ಸಾಕು. ಸಲಹೆ ಕೊಡಲು ಬಂದವನು ಸೆಬಿಯಲ್ಲಿ ನೋಂದಾಯಿಸಿಕೊಂಡವನೋ ಅಲ್ಲವೋ ಎಂದು ಮೊದಲು ಕೇಳಿ. ಆ ಪ್ರಶ್ನೆಗೇ ಅರ್ಧ ಜನ ಎದ್ದುಹೋಗುತ್ತಾರೆ.

ಕಡೆಯದಾಗಿ, ಶೇರು ಈಗಾಗಲೇ ಇರುವ ಮನೆಗಳವರಿಗೆ ಒಂದು ಮಾತು. 1973ರ ವಿದೇಶೀ ವಿನಿಮಯ ಕಾನೂನಿನ ಅನಂತರ ಅನೇಕ ವಿದೇಶೀ ಕಂಪನಿಗಳು ತಮ್ಮ ಪಾಲಿನ ಒಂದಂಶವನ್ನು ಸಾರ್ವಜನಿಕರಿಗೆ ಮಾರಬೇಕಾಗಿ ಬಂತು. ಆ ಕಾಲದಲ್ಲಿ ಮುಂಬಯಿಯ ಸಾಮಾನ್ಯ ಸಂಬಳದಾರರೂ ಐದು ಹತ್ತು ಶೇರು ಕೊಂಡದ್ದುಂಟು. ಆ ಕಾಗದಗಳು ಹಳೆಯ ಟ್ರಂಕಿನ ತಳದಲ್ಲಿ, ಊರಿನ ಮಾಡಿನಲ್ಲಿ ಇನ್ನೂ ಇರಬಹುದು. ಖೋಲಿ ಬದಲಿಸಿ, ಹೋಟೆಲು ಬದಲಿಸಿ, ವಿಳಾಸ ತಿಳಿಸದೆ ಹೋದವರ ಲಾಭಾಂಶ ಕಂಪನಿಯಲ್ಲೇ ಉಳಿಯುತ್ತದೆ. ಏಳು ವರ್ಷ ಯಾರೂ ಕೇಳದಿದ್ದರೆ ಕಾನೂನಿನಂತೆ ಆ ಹಣ ಸರಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಒಂದೇ ಸಮನೆ ಏಳು ವರ್ಷ ಹೀಗಾದರೆ ಶೇರು ಕೂಡ ಅದರ ಹಿಂದೆಯೇ ಹೋಗುತ್ತದೆ. ಹೋದದ್ದನ್ನು ಹಿಂದೆ ಪಡೆಯುವ ದಾರಿಯಿದೆ. ನಿಧಿಯ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು; ತೀರಿಕೊಂಡವರ ಹೆಸರಿನಲ್ಲಿದ್ದರೆ ಮರಣಪತ್ರ, ವಾರಸುದಾರಿಕೆಯ ಕಾಗದಗಳು ಬೇಕಾಗುತ್ತವೆ. ಅರ್ಧದಷ್ಟು ನನಗೆ ಕೊಡುವಿರಾದರೆ ಬಿಡಿಸಿಕೊಡುವೆನೆಂದು ಬರುವ ಮಧ್ಯಸ್ಥನ ಕೈಗೆ ಮೂಲ ಶೇರುಪತ್ರ ಕೊಡಬೇಡಿ. ಮೊದಲು ಕಂಪನಿಯ ಶೇರು ಇಲಾಖೆಗೆ ಫೋಲಿಯೊ ಸಂಖ್ಯೆಯೊಡನೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.